ನಂಗಾ ಪರ್ಬತ, ಜುಲೈ 1934: ಒಂದೇ ಬಿರುಗಾಳಿಯಲ್ಲಿ ಏಳು ಮಂದಿ ಬದುಕಿದ್ದು ಹೇಗೆ?

ಪ್ರಶ್ನೆ (ಚಾರಣಿಗ)

ಎಲ್ಲರಿಗೂ ನಮಸ್ಕಾರ. ಬ್ರಿಟಿಷರ ಕಾಲದ ಹಿಮಾಲಯ ಯಾತ್ರೆಗಳ ಬಗ್ಗೆ ಓದುತ್ತ ನಂಗಾ ಪರ್ಬತಕ್ಕೆ ಹೋದ, ವಿಲ್ಲಿ ಮರ್ಕ್ಲ್ ಮುಂದಾಳತ್ವದ 1934ರ ಜರ್ಮನ್ ತಂಡದ ವೃತ್ತಾಂತಕ್ಕೆ ಬಂದು ನಿಂತಿದ್ದೇನೆ. ಆ ವರ್ಷದ ಜುಲೈ 6ರಂದು ತಂಡದ ಐವರು ಆರೋಹಿಗಳು ಮತ್ತು ಹನ್ನೊಂದು ಮಂದಿ ಶೆರ್ಪಾಗಳು ಸುಮಾರು 7,480 ಮೀಟರ್ ಎತ್ತರದ ಎಂಟನೆಯ ಶಿಬಿರದಲ್ಲಿದ್ದರು. 8,126 ಮೀಟರಿನ ಶಿಖರ ಇನ್ನೊಂದು ದಿನದ ಮಾತೆಂದು ಅವರು ನಂಬಿದ್ದರು. ಆದರೆ ಬಿರುಗಾಳಿ ಎದ್ದಿತು, 8ರಂದು ಇಳಿಯತೊಡಗಿದರು, ಮುಂದಿನ ಒಂದು ವಾರದಲ್ಲಿ ಒಂಬತ್ತು ಮಂದಿ ಸತ್ತರು. ನನ್ನನ್ನು ಕಾಡುತ್ತಿರುವುದು ಉಳಿದ ಏಳು ಮಂದಿಯ ವಿಷಯ. ಇಬ್ಬರು ಅದೇ ಸಂಜೆ ಕೆಳಗೆ ತಲುಪಿದರು, ನಾಲ್ವರು ಎರಡು ದಿನ ಬಿಟ್ಟು ತಲುಪಿದರು, ಆಂಗ್ ತ್ಸೆರಿಂಗ್ ಎಂಬ ಶೆರ್ಪಾ 14ನೆಯ ತಾರೀಖು ಒಬ್ಬರೇ ಇಳಿದು ಬಂದರು. ಇದನ್ನು ದೇಹದ ಗಟ್ಟಿತನವೆನ್ನಬೇಕೇ, ಅದೃಷ್ಟವೆನ್ನಬೇಕೇ, ಅಥವಾ ಬೇರೆ ಕಾರಣವಿದೆಯೇ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಹಿಮದಾರಿ)

ಗಟ್ಟಿತನದ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಸತ್ತವರಲ್ಲಿ ವಿಲ್ಲೋ ವೆಲ್ಜೆನ್‌ಬಾಖ್ ಇದ್ದರು, ಅವರು ಆಲ್ಪ್ಸ್‌ನ ಹಿಮಗೋಡೆಗಳನ್ನು ಹತ್ತುವುದರಲ್ಲಿ ಆ ಕಾಲದ ಅತ್ಯುತ್ತಮರಲ್ಲಿ ಒಬ್ಬರು. ಯಾರು ಯಾವ ದಿನ ಎಲ್ಲಿದ್ದರು, ಕೈಯಲ್ಲಿ ಏನಿತ್ತು ಎಂಬುದನ್ನು ತಾರೀಖಿನ ಪ್ರಕಾರ ಬರೆದುಕೊಂಡು ನೋಡಿ, ಚಿತ್ರ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಜುಲೈ 8ರ ಬೆಳಿಗ್ಗೆ ತಂಡದ ಆಶೆನ್‌ಬ್ರೆನ್ನರ್ ಮತ್ತು ಷ್ನೈಡರ್ ಮೂವರು ಶೆರ್ಪಾಗಳೊಂದಿಗೆ ದಾರಿ ಮಾಡುತ್ತ ಮುಂದೆ ಹೊರಟರು. ಕಡಿದಾದ ಇಳಿಜಾರಿನಲ್ಲಿ ಗಾಳಿ ನೀಮಾ ದೋರ್ಜೆ ಅವರನ್ನು ಕಾಲಿಟ್ಟ ಜಾಗದಿಂದಲೇ ಕಿತ್ತೆಸೆಯಿತು. ಹಗ್ಗದ ಬಲದಿಂದ ಆ ಮನುಷ್ಯ ಉಳಿದರು, ಬೆನ್ನಿನ ಮೇಲಿದ್ದ ಸ್ಲೀಪಿಂಗ್ ಬ್ಯಾಗಿನ ಹೊರೆ ಹಾರಿಹೋಯಿತು. ಹೊದೆಯಲು ಏನೂ ಇಲ್ಲದ ಮೇಲೆ ಅಂದೇ ಕೆಳಗೆ ತಲುಪುವುದೊಂದೇ ದಾರಿ. ಆ ಇಬ್ಬರು ಆರೋಹಿಗಳು ಶೆರ್ಪಾಗಳ ಹಗ್ಗ ಬಿಚ್ಚಿ, ಹಿಂದೆಯೇ ಬರುತ್ತಾರೆಂದುಕೊಂಡು, ಸಂಜೆಗೆ ನಾಲ್ಕನೆಯ ಶಿಬಿರ ಸೇರಿದರು. ಶೆರ್ಪಾಗಳು ಸೇರಲಿಲ್ಲ. ಆ ಮೂವರಲ್ಲಿ ಕೊನೆಗೂ ಉಳಿದವರು ಒಬ್ಬರೇ.

ಹಿಂದಿನ ಗುಂಪು ಏಳನೆಯ ಶಿಬಿರವನ್ನೂ ತಲುಪಲಾಗದೆ ಬಯಲು ಹಿಮದಲ್ಲೇ ರಾತ್ರಿ ಕಳೆಯಿತು. ನೀಮಾ ನೊರ್ಬು ಅಲ್ಲೇ ತೀರಿಕೊಂಡರು. ಮರುದಿನ ಊಲಿ ವೀಲಾಂಟ್ ಡೇರೆ ಇನ್ನೇನು ಸಿಕ್ಕಿತು ಎನ್ನುವಷ್ಟು ಹತ್ತಿರದಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಏಳನೆಯ ಶಿಬಿರದಲ್ಲಿ ಎಲ್ಲರಿಗೂ ಜಾಗವಿಲ್ಲವೆಂದು ನಾಲ್ವರು ಶೆರ್ಪಾಗಳನ್ನು ಕೆಳಕ್ಕೆ ಕಳಿಸಿದರು. ಮೇಲ್ನೋಟಕ್ಕೆ ಇದು ಅನ್ಯಾಯ, ಆದರೆ ಆ ನಾಲ್ವರಲ್ಲಿ ಮೂವರನ್ನು, ಎಂದರೆ ಪಸಂಗ್ ಕಿಕುಲಿ, ಕಿತಾರ್ ಮತ್ತು ದಾ ತೊಂಡುಪ್ ಅವರನ್ನು, ಉಳಿಸಿದ್ದು ಇದೇ ಅನ್ಯಾಯ. 10ನೆಯ ತಾರೀಖು ಅವರು ನಾಲ್ಕನೆಯ ಶಿಬಿರಕ್ಕೆ ಬಂದು ಬಿದ್ದರು. ಡೇರೆಯೊಳಗೆ ಉಳಿದ ಸಾಹೇಬರಿಬ್ಬರೂ, ಎಂದರೆ ಮರ್ಕ್ಲ್ ಮತ್ತು ವೆಲ್ಜೆನ್‌ಬಾಖ್, ಬದುಕಲಿಲ್ಲ.

ಉತ್ತರ 2 (ಅಡಿಗೆಮನೆ ವಿಜ್ಞಾನಿ)

ಮೇಲಿನ ವಿವರಣೆಗೆ ನೀರಿನ ವಿಷಯವನ್ನು ಸೇರಿಸಬೇಕು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 40ರ ಆಸುಪಾಸಿಗೆ ಇಳಿದಿರುತ್ತದೆ, ಮನುಷ್ಯ ಏದುಸಿರು ಬಿಡುತ್ತಲೇ ಇರುತ್ತಾನೆ, ಒಣಗಾಳಿಯಲ್ಲಿ ಪ್ರತಿ ಉಸಿರಿನೊಂದಿಗೂ ಮೈಯ ನೀರು ಹೋಗುತ್ತದೆ. ಸುತ್ತ ಹಿಮವಿದ್ದರೂ ಕುಡಿಯಲು ಹನಿ ಇರುವುದಿಲ್ಲ. ಒಂದು ಕಿಲೋ ಹಿಮವನ್ನು ಕರಗಿಸಿ ಮೈಯ ಬಿಸಿಗೆ ತರಲು ಸುಮಾರು 120 ಕಿಲೋಕ್ಯಾಲೊರಿ ಬೇಕು. ಒಲೆಯಿಲ್ಲದವನು ಹಿಮ ತಿಂದರೆ ಆ ಶಾಖವನ್ನು ತನ್ನ ಮೈಯಿಂದಲೇ ತೆರಬೇಕು. ನಾನೊಮ್ಮೆ ಗಢವಾಲದಲ್ಲಿ, ಇದರ ಅರ್ಧದಷ್ಟು ಎತ್ತರದಲ್ಲಿ, ಒಂದು ಪಾತ್ರೆ ತುಂಬ ಹಿಮ ಒತ್ತಿಟ್ಟು ಒಲೆ ಹಚ್ಚಿದ್ದೆ. ಬಹಳ ಹೊತ್ತಾದ ಮೇಲೆ ನೋಡಿದರೆ ತಳದಲ್ಲಿ ಅಂಗೈಯಷ್ಟು ನೀರು, ಅದರಲ್ಲಿ ಮಸಿ ತೇಲುತ್ತಿತ್ತು. ಅದೂ ಬಿಸಿಲಿನಲ್ಲಿ, ಆರಾಮಾಗಿ ಕುಳಿತು.

1938ರಲ್ಲಿ ಪೌಲ್ ಬಾವರ್ ತಂಡಕ್ಕೆ ಮರ್ಕ್ಲ್ ಅವರ ಶವದ ಬಳಿ ವೆಲ್ಜೆನ್‌ಬಾಖ್ ಬರೆದ ಚೀಟಿ ಸಿಕ್ಕಿತು. ಜುಲೈ 10ರ ಆ ಚೀಟಿಯಲ್ಲಿ, ಆರು ದಿನಗಳಿಂದ ಬಿಸಿ ಊಟವಿಲ್ಲ, ಕುಡಿದದ್ದು ಇಲ್ಲವೆನ್ನುವಷ್ಟು ಕಡಿಮೆ, ಏಳನೆಯ ಶಿಬಿರಕ್ಕೆ ಬೇಗ ಸಹಾಯ ಕಳಿಸಿ ಎಂದಿತ್ತು. ಸಹಾಯ ಕಳಿಸಬೇಕಾದವರು ಕೆಳಗಿನಿಂದ ಹೊರಟರೂ ಎದೆಮಟ್ಟದ ಹಿಮದಲ್ಲಿ ದಾರಿ ಸಾಗದೆ ಹಿಂದಿರುಗಿದ್ದರು.

ಊಟದ ಬಗ್ಗೆ ಇನ್ನೊಂದು ಮಾತು. ಜೂನ್ ಆರಂಭದಲ್ಲಿ ಡ್ರೆಕ್ಸೆಲ್ ಎಂಬ ಸದಸ್ಯರು ಎತ್ತರದ ಕಾಯಿಲೆಯಿಂದ ತೀರಿಕೊಂಡ ಮೇಲೆ, ಶೆರ್ಪಾಗಳಿಗೆ ಬೇಕಾದ ತ್ಸಂಪಾ, ಎಂದರೆ ಜವೆಗೋಧಿಯ ಹುರಿಹಿಟ್ಟು, ಬರಲಿಲ್ಲವೆಂದು ತಂಡ ಹಲವು ದಿನ ಬುಡದಲ್ಲೇ ಕಾಯಿತು. ಆಗ ಹವೆ ಚೆನ್ನಾಗಿತ್ತು. ಹುರಿಹಿಟ್ಟಿಗೆ ಕಾದದ್ದು ತಪ್ಪಲ್ಲ, ಹೊರೆ ಹೊರುವವರ ಊಟವೇ ಕೊನೆಗೆ ಬರುವಂತೆ ಸರಬರಾಜು ಇಟ್ಟುಕೊಂಡದ್ದು ತಪ್ಪು.

ಉತ್ತರ 3 (ಡಾರ್ಜಿಲಿಂಗ್ ನಿವಾಸಿ ಕನ್ನಡಿಗ)

ಹಿಮದಾರಿಯವರ ತಾರೀಖುಗಳು ಸರಿಯಾಗಿವೆ. ಆದರೆ ಜಾಗ, ಹೊದಿಕೆ, ನೀರು ಎಂದು ಎಲ್ಲವನ್ನೂ ಲೆಕ್ಕಕ್ಕೆ ಇಳಿಸಿದರೆ ಆಂಗ್ ತ್ಸೆರಿಂಗ್ ಬದುಕಿದ್ದು ಅರ್ಥವಾಗುವುದಿಲ್ಲ ಎಂಬುದು ನನ್ನ ತಕರಾರು. ಅವರು, ಗೇಲೇ ಮತ್ತು ದಕ್ಷಿ ಎಂಬ ಶೆರ್ಪಾಗಳು 8ರ ಬಯಲು ತಂಗುದಾಣದಲ್ಲೇ ಮತ್ತೆರಡು ರಾತ್ರಿ ಕಳೆದರು. ದಕ್ಷಿ ಅಲ್ಲೇ ಸತ್ತ ಮೇಲೆ ಉಳಿದಿಬ್ಬರು 11ರಂದು ಏಳನೆಯ ಶಿಬಿರಕ್ಕೆ ಇಳಿದರು. 12ರ ರಾತ್ರಿ ವೆಲ್ಜೆನ್‌ಬಾಖ್ ತೀರಿಕೊಂಡರು. 13ರಂದು ಮರ್ಕ್ಲ್ ಅವರನ್ನು ನಡೆಸಿಕೊಂಡು ಸ್ವಲ್ಪ ದೂರ ಬಂದು, ಆತ ಇನ್ನು ಹೆಜ್ಜೆ ಇಡಲಾರರೆಂದಾದಾಗ ಹಿಮದಲ್ಲಿ ಗುಹೆ ತೋಡಿ ಮೂವರೂ ಒಳಹೊಕ್ಕರು. ಮರುದಿನ ಸಹಾಯ ಕರೆಯಲೆಂದು ಆಂಗ್ ತ್ಸೆರಿಂಗ್ ಒಬ್ಬರೇ ಇಳಿದರು.

ನನ್ನ ದೃಷ್ಟಿಯಲ್ಲಿ ಅವರನ್ನು ಇಳಿಸಿದ್ದು ಆ ಕೆಲಸ. ಬರಿದೇ ತನ್ನ ಜೀವ ಉಳಿಸಿಕೊಳ್ಳುವುದಕ್ಕಿಂತ, ಮೇಲಿರುವ ಇಬ್ಬರ ಸುದ್ದಿ ಮುಟ್ಟಿಸಬೇಕೆಂಬ ಹೊಣೆಯಿತ್ತು. ಅವರು ಈ ಕೆಲಸಕ್ಕೆ ಹೊಸಬರೂ ಆಗಿರಲಿಲ್ಲ. 1924ರ ಎವರೆಸ್ಟ್ ಯಾತ್ರೆಯಲ್ಲೇ ಹೊರೆ ಹೊತ್ತಿದ್ದರು. ಹಿಮಕಚ್ಚಿ ಕಾಲ್ಬೆರಳುಗಳನ್ನು ಕಳೆದುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಮತ್ತೆ ಪರ್ವತಗಳಿಗೆ ಮರಳಿ, 2002ರವರೆಗೆ ಬಾಳಿದರು.

ಚಾರಣಿಗ (ಪ್ರಶ್ನೆ ಕೇಳಿದವರು)

ಮೂವರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿಯಿತು. ಆಂಗ್ ತ್ಸೆರಿಂಗ್ ಹೊರಟಾಗ ಗೇಲೇ ಅವರಿಗೂ ಇಳಿಯುವ ಶಕ್ತಿ ಇತ್ತೇ? ಅವರು ಉಳಿದದ್ದು ಸ್ವಇಚ್ಛೆಯಿಂದಲೇ, ಅಥವಾ ಸಾಹೇಬರನ್ನು ಬಿಟ್ಟು ಹೋಗಬಾರದೆಂಬ ಆಗಿನ ಕಟ್ಟಳೆಯಿಂದಲೇ?

ಉತ್ತರ 4 (ಹಿಮದಾರಿ)

ಗೇಲೇ ತಾವಾಗಿಯೇ ಉಳಿದರೆಂದು ಬಹಳ ಮಂದಿ ಬರೆದಿದ್ದಾರೆ, ಜರ್ಮನಿಯಲ್ಲಿ ಅದನ್ನು ಸ್ವಾಮಿಭಕ್ತಿಯ ಕಥೆಯಾಗಿ ಕೊಂಡಾಡಿದರು. ಎಂಟು ದಿನ ಹಸಿದ ಮನುಷ್ಯನ ಮನಸ್ಸಿನಲ್ಲಿ ಇಚ್ಛೆ ಎಲ್ಲಿ ಮುಗಿದು ದಣಿವು ಎಲ್ಲಿ ಶುರುವಾಯಿತೆಂದು ಕೆಳಗೆ ಕುಳಿತು ತೀರ್ಮಾನಿಸಲು ನಾನು ಸಿದ್ಧನಿಲ್ಲ. ಡಾರ್ಜಿಲಿಂಗಿನವರ ತಕರಾರನ್ನು ಒಪ್ಪುತ್ತೇನೆ, ಆದರೆ ಅದೇ ಹೊಣೆಯ ಇನ್ನೊಂದು ಮುಖಕ್ಕೂ ಉದಾಹರಣೆಯಿದೆ. ಇಲ್ಲಿ ಬದುಕಿ ಬಂದ ಪಸಂಗ್ ಕಿಕುಲಿ 1939ರಲ್ಲಿ ಕೆ2 ಪರ್ವತದ ಮೇಲೆ ಸಿಕ್ಕಿಕೊಂಡಿದ್ದ ಅಮೆರಿಕದ ಡಡ್ಲಿ ವುಲ್ಫ್ ಅವರನ್ನು ಕರೆತರಲು ಬುಡದ ಶಿಬಿರದಿಂದ ಆರನೆಯ ಶಿಬಿರಕ್ಕೆ ಒಂದೇ ದಿನದಲ್ಲಿ ಹತ್ತಿದರು. ಎರಡನೆಯ ಸಲ ವುಲ್ಫ್ ಬಳಿಗೆ ಹೊರಟ ಪಸಂಗ್ ಕಿಕುಲಿ, ಪಸಂಗ್ ಕಿತಾರ್ ಮತ್ತು ಫಿನ್ಸೂ ಮೂವರೂ ಹಿಂದಿರುಗಲಿಲ್ಲ.

ಗೇಲೇ ಮತ್ತು ಮರ್ಕ್ಲ್ ಅವರ ಶವಗಳು 1938ರಲ್ಲಿ ಸಿಕ್ಕಿದ್ದು ಒಂದೇ ಜಾಗದಲ್ಲಿ.