ಮಕ್ಕಳ ಕೈಗೆ ಮನೆಯಲ್ಲೇ ಟ್ಯಾಟೂ: ಹೆಸರು ಉಲ್ಟಾ ಬಂತು, ಏನು ಮಾಡಲಿ?

ದಾವಣಗೆರೆ ಅಮ್ಮ
ಭಾನುವಾರ ಮಗಳ ಹುಟ್ಟುಹಬ್ಬ, ಏಳು ತುಂಬುತ್ತದೆ. ಬರುವ ಹತ್ತು ಹನ್ನೆರಡು ಮಕ್ಕಳಿಗೂ ಕೈ ಮೇಲೆ ಟ್ಯಾಟೂ ಹಾಕಬೇಕಂತೆ, ಅಂಗಡಿ ಸ್ಟಿಕ್ಕರ್ ಬೇಡವಂತೆ, ತಾನು ಬರೆದದ್ದೇ ಆಗಬೇಕಂತೆ. ನಿನ್ನೆ ಒಂದು ಟ್ರಯಲ್ ನೋಡಿದೆವು. ಬಟರ್ ಪೇಪರ್ ಮೇಲೆ ಜೆಲ್ ಪೆನ್ನಿನಲ್ಲಿ ಬೆಕ್ಕು, ಕೆಳಗೆ ಅವಳ ಹೆಸರು. ಕೈ ಮೇಲೆ ಕವುಚಿ ಒದ್ದೆ ಬಟ್ಟೆ ಒತ್ತಿದೆ. ಬೆಕ್ಕೇನೋ ಬಂತು, ಹೆಸರು ಉಲ್ಟಾ! "ಇದು ತೆಲುಗಾ ಅಮ್ಮಾ?" ಅಂತ ಕೇಳಿದಳು. ಗಟ್ಟಿ ನಿಲ್ಲಲಿ ಅಂತ ಹೇರ್ ಸ್ಪ್ರೇ ಹೊಡೆದೆ, ಮಗು ಕೆಮ್ಮಿದ್ದೇ ಕೆಮ್ಮಿದ್ದು, ಅತ್ತೆಯಿಂದ ನನಗೆ ಮಂಗಳಾರತಿ. ಮಧ್ಯಾಹ್ನಕ್ಕೆ ಬೆವರಿಗೆ ಬೆಕ್ಕು ಹೋಗಿ ಬರೀ ನೀಲಿ ಮಸಿ ಉಳಿಯಿತು. ಮೂರು ನಾಲ್ಕು ಗಂಟೆ ನಿಂತರೂ ಸಾಕು. ಯಾರಾದರೂ ಮಾಡಿದ್ದೀರಾ?

ದುರ್ಗದವಳು
ಹೆಸರಿನದು ಸುಲಭ ಅಕ್ಕ. ಬಿಳಿ ಹಾಳೆಯಲ್ಲಿ ಸ್ಕೆಚ್ ಪೆನ್ನಿಂದ ದಪ್ಪಗೆ, ನೆಟ್ಟಗೇ ಬರೆಯಲಿ. ಹಾಳೆ ಮಗುಚಿ ಕಿಟಕಿ ಗಾಜಿಗೆ ಅಂಟಿಸಿ. ಬಿಸಿಲಿಗೆ ಅಕ್ಷರ ಹಿಂದಿನಿಂದ ಉಲ್ಟಾ ಕಾಣುತ್ತದೆ, ಅದರ ಮೇಲೆ ಬಟರ್ ಪೇಪರ್ ಇಟ್ಟು ತಿದ್ದಿಸಿ, ಅಷ್ಟೇ. ಜೆಲ್ ಪೆನ್ ಬಿಟ್ಟುಬಿಡಿ, ಅದು ಕಾಗದಕ್ಕೆ ಮಾಡಿದ ಇಂಕು. ನಾನು ಮೆತ್ತಗಿನ ಐಲೈನರ್ ಪೆನ್ಸಿಲ್ ಬಳಸುತ್ತೇನೆ, ನೀರೂ ಬೇಡ. ತೋಳನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿ, ಎಣ್ಣೆ ಕ್ರೀಮು ಇದ್ದರೆ ಹಿಡಿಯಲ್ಲ. ಕಾಗದ ಕವುಚಿ ಚಮಚದ ಬೆನ್ನಿಂದ ಉಜ್ಜಿ. ಆಮೇಲೆ ಹತ್ತಿಯಲ್ಲಿ ಸ್ವಲ್ಪ ಪೌಡರ್ ತಗೊಂಡು ತಟ್ಟಿ, ತಿಕ್ಕಬೇಡಿ. ಸ್ಪ್ರೇ ಅಂತೂ ಬೇಡವೇ ಬೇಡ, ಕೇಕಿನ ಮೇಲೆ ಮೇಣದಬತ್ತಿ ಉರಿಯುತ್ತಿರುತ್ತದೆ, ಅದು ಭಗ್ ಅಂತ ಹೊತ್ತಿಕೊಳ್ಳುವ ಮಾಲು. ನನ್ನ ಮಗ ಓಬವ್ವನ ಒನಕೆ ಬರೆಸಿಕೊಂಡಿದ್ದ. ನೋಡಿದವರೆಲ್ಲ "ಪೆನ್ಸಿಲ್ಲಾ?" ಅಂತ ಕೇಳಿ ಅವನನ್ನು ಅಳಿಸಿಬಿಟ್ಟರು.

ಹರಿಹರದ ಅಪ್ಪ
ಯಾರಾದರೂ ಕಪ್ಪು ಮೆಹಂದಿ ಕೋನ್ ತರೋಣ ಅಂದರೆ ಒಪ್ಪಬೇಡಿ ಮೇಡಂ. ಜಾತ್ರೆಯಲ್ಲಿ ಮಗನ ಮುಂಗೈಗೆ ಚೇಳು ಹಾಕಿಸಿದ್ದೆ. ಅರ್ಧ ಗಂಟೆಗೇ ಕಪ್ಪಗೆ ಕೂತಿತು, ಪರವಾಗಿಲ್ಲ ಚೆನ್ನಾಗಿ ಹಿಡೀತು ಅಂದುಕೊಂಡೆ. ನಾಲ್ಕನೇ ದಿನ ಚೇಳಿನ ಆಕಾರದಲ್ಲೇ ಬೊಬ್ಬೆ ಎದ್ದಿತು, ಕೊಂಡಿ ಸಮೇತ. ಗೋರಂಟಿ ಸೊಪ್ಪು ಅರೆದು ಹಚ್ಚಿದರೆ ಮೊದಲು ಕಿತ್ತಳೆ, ಒಂದೆರಡು ದಿನಕ್ಕೆ ಕಂದುಗೆಂಪು. ಬೇಗ ಕಪ್ಪಾಯಿತು ಅಂದರೆ ಅದಕ್ಕೆ ಪಿಪಿಡಿ ಬೆರೆಸಿರುತ್ತಾರೆ, ಹೇರ್ ಡೈನಲ್ಲಿ ಇರುವುದು. ಒಂದು ಸಲ ಅಲರ್ಜಿ ಆದರೆ ಮುಂದೆ ದೊಡ್ಡವನಾಗಿ ಡೈ ಹಚ್ಚಿಕೊಂಡರೂ ತೊಂದರೆ ಆಗಬಹುದು ಅಂದರು ಚರ್ಮದ ಡಾಕ್ಟರು. ಜಿ ಸಿಕ್ಸ್ ಪಿಡಿ ಕೊರತೆ (ರಕ್ತದ ಕೆಂಪು ಕಣ ಬೇಗ ಒಡೆಯುವ ಹುಟ್ಟು ತೊಂದರೆ) ಇರುವ ಮಕ್ಕಳಿಗೆ ಮಾತ್ರ ಅಸಲಿ ಗೋರಂಟಿಯೂ ಆಗಲ್ಲ. ಬರುವ ಮಕ್ಕಳ ಅಮ್ಮಂದಿರನ್ನು ಮೊದಲೇ ಒಂದು ಮಾತು ಕೇಳಿಬಿಡಿ.

ಹೊಳಲ್ಕೆರೆ ತಾತ
ನಾವು ಎಕ್ಕದ ಹಾಲಿನಲ್ಲಿ ತೋಳಿನ ಮೇಲೆ ಹೆಸರು ಬರೆದು, ಒಣಗಿದ ಮೇಲೆ ಒಲೆಯ ಇದ್ದಿಲ ಪುಡಿ ಉಜ್ಜುತ್ತಿದ್ದೆವು ತಾಯಿ. ಕಪ್ಪಗೆ ಮುದ್ದಾಗಿ ಮೂಡುತ್ತಿತ್ತು. ಜೊತೆಗಾರನೊಬ್ಬ ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡು ವಾರವಿಡೀ ಕಣ್ಣು ಬಿಡಲಿಲ್ಲ. ಮಕ್ಕಳಿಗೆ ಇದನ್ನು ಹೇಳಲೂ ಬೇಡ, ಹೇಳಿದರೆ ಮಾಡೇ ಮಾಡುತ್ತವೆ.

ದಾವಣಗೆರೆ ಅಮ್ಮ
ಹೇಳಲ್ಲ ತಾತ! ದುರ್ಗದ ತಂಗಿ, ಕಿಟಕಿ ಉಪಾಯ ಕೆಲಸ ಮಾಡಿತು, ಹೆಸರು ನೆಟ್ಟಗೆ ಬಂತು. ಬೆಳಗ್ಗೆ ಹತ್ತಕ್ಕೆ ಹಾಕಿದ್ದು, ಈಗ ಎರಡೂವರೆ, ಬಾಲ ಮಾತ್ರ ಸ್ವಲ್ಪ ಮಾಸಿದೆ. ಇನ್ನೊಂದು ಕೈಯದನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ, ಕಲೆಯಿಲ್ಲದೆ ಹೋಯಿತು. ಅತ್ತೆಯ ಮುಂಗೈ ಮೇಲೆ ಹಳೇ ಹಚ್ಚೆ ಇದೆ, ತುಳಸಿಕಟ್ಟೆಯೋ ತೇರೋ ಈಗ ಅವರಿಗೂ ಮರೆತಿದೆ. ಮಗಳು ಬಟರ್ ಪೇಪರ್ ತಂದು ಅವರ ಕೈ ಮೇಲೇ ಇಟ್ಟು ಅದನ್ನು ತಿದ್ದುತ್ತಾ ಕೂತಿದ್ದಾಳೆ. ಅಲ್ಲಾಡಬೇಡ ಅಜ್ಜಿ ಅಂತ ಬೈತಿದ್ದಾಳೆ.