ಅರ್ಲ್‌ನ ಮಗನು ಪಾರುಪತ್ಯಗಾರನ ಮಗಳನ್ನು ಏನೆಂದು ಮಾತನಾಡಿಸಬೇಕು?

ತುಂಗೆತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಮೂರನೆಯ ಜಾರ್ಜ್ ದೊರೆಯು ಚಿತ್ತಸ್ವಾಸ್ಥ್ಯ ಕಳೆದುಕೊಂಡು ಆಳಲಾರದೆ ಹೋದಾಗ ಅವನ ಹಿರಿಯ ಮಗ ರಾಜಪ್ರತಿನಿಧಿಯಾಗಿ ನಡೆಸಿದ 1811ರಿಂದ 1820ರವರೆಗಿನ ಆಡಳಿತವನ್ನು ರೀಜೆನ್ಸಿ ಕಾಲವೆನ್ನುತ್ತಾರಲ್ಲ, ಆ ಕಾಲದ ಇಂಗ್ಲೆಂಡಿನಲ್ಲಿ ನಡೆಯುವ ಪ್ರೇಮಕಥೆಯೊಂದನ್ನು ಈ ಮಳೆಗಾಲದಲ್ಲಿ ಬರೆಯತೊಡಗಿದ್ದೇನೆ. ನಾಯಕನು ಡರ್ಬಿಶೈರಿನ ಅರ್ಲ್ ಒಬ್ಬನ, ಅಂದರೆ ವಂಶಪಾರಂಪರ್ಯವಾಗಿ ಬಿರುದು ಬಂದ ದೊಡ್ಡ ಜಮೀನುದಾರನೊಬ್ಬನ, ಹಿರಿಯ ಮಗ. ನಾಯಕಿಯು ಅದೇ ಜಮೀನಿನ ಗೇಣಿ ವಸೂಲಿ, ಲೆಕ್ಕಪತ್ರ ನೋಡಿಕೊಳ್ಳುವ ಪಾರುಪತ್ಯಗಾರನ ಮಗಳು. ತಂದೆಯ ಕಣ್ಣು ಮಂಜಾಗಿರುವುದರಿಂದ ಗೇಣಿಯ ಪುಸ್ತಕವನ್ನು ಅವಳೇ ಬರೆಯುತ್ತಾಳೆ. ಅದನ್ನು ನೋಡಲು ಬಂದಾಗಲೇ ಇವರ ಪರಿಚಯ ಬೆಳೆಯುತ್ತದೆ.

ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಮೊದಲ ಅಧ್ಯಾಯಗಳನ್ನು ಓದಿದ ಗೆಳತಿಯೊಬ್ಬರು, ಇಬ್ಬರೂ ಪ್ರಾಯಕ್ಕೆ ಬಂದವರಾಗಿರುವಾಗ ಮದುವೆಯಾದರೆ ತಡೆಯುವವರು ಯಾರು ಎಂದು ಕೇಳಿದರು; ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯದು ಭಾಷೆಯದು. ಇಬ್ಬರ ಬಾಯಲ್ಲೂ 'ನೀವು' ಎಂದು ಬರೆದರೆ ಒಂದೇ ಕಚೇರಿಯ ಇಬ್ಬರು ನೌಕರರ ಮಾತಿನಂತೆ ಕೇಳಿಸುತ್ತದೆ. ಅವನು 'ನೀನು', ಅವಳು 'ನೀವು' ಎಂದರೆ ನಮ್ಮ ಅಜ್ಜ ಅಜ್ಜಿಯರ ಸಂಸಾರದ ಮಾತಾಗಿಬಿಡುತ್ತದೆ. ಮದುವೆಗೆ ಮೊದಲೇ ಅವರು ಗಂಡಹೆಂಡಿರಾದಂತೆ ತೋರುತ್ತದೆಯೇ ಹೊರತು ಅಂತಸ್ತಿನ ಅಂತರ ಕಾಣಿಸುವುದಿಲ್ಲ. ತಿಳಿದವರು ದಾರಿ ತೋರಿಸಬೇಕು.

ಹಳೆಯ ಪುಟ, ಸಾಗರ

ಮೊದಲನೆಯ ತೊಡಕಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ನಿಮ್ಮ ಗೆಳತಿಯ ಪ್ರಶ್ನೆ ಬಹಳ ಸರಿಯಾದದ್ದು, ಏಕೆಂದರೆ ಅಲ್ಲಿನ ಕಾನೂನು ನಿಮ್ಮ ನಾಯಕನನ್ನು ತಡೆಯುವುದಿಲ್ಲ. 1753ರ ವಿವಾಹ ಕಾಯ್ದೆಯ ಪ್ರಕಾರ ಚರ್ಚಿನಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆ ಓದಿಸಬೇಕು, ಇಲ್ಲವೇ ಲೈಸೆನ್ಸ್ ಪಡೆಯಬೇಕು. 21 ವರ್ಷ ತುಂಬದವರು ಲೈಸೆನ್ಸಿನ ಮೇಲೆ ಮದುವೆಯಾಗುವುದಾದರೆ ತಂದೆಯ ಒಪ್ಪಿಗೆ ಬೇಕು. ಪ್ರೇಮಿಗಳು ಸ್ಕಾಟ್ಲೆಂಡಿನ ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದದ್ದು ಈ ಕಾಯ್ದೆ ಅಲ್ಲಿಗೆ ಅನ್ವಯವಾಗುತ್ತಿರಲಿಲ್ಲವೆಂಬ ಕಾರಣಕ್ಕೆ. ನಿಮ್ಮ ನಾಯಕನಿಗೆ 25 ವರ್ಷ, ನಾಯಕಿಗೆ 22 ಎಂದಿಟ್ಟುಕೊಂಡರೆ ಓಡುವ ಅಗತ್ಯವೇ ಬೀಳುವುದಿಲ್ಲ.

ತಡೆಯುವುದು ಜಮೀನು. ದೊಡ್ಡ ಮನೆತನಗಳು ಆಸ್ತಿ ಒಡೆಯದೆ ಹಿರಿಯ ಮಗನಿಗೇ ಹೋಗುವಂತೆ ಪತ್ರ ಮಾಡಿ ಕಟ್ಟಿಹಾಕುತ್ತಿದ್ದವು, ಮಗನಿಗೆ 21 ತುಂಬಿದಾಗಲೋ ಅವನ ಮದುವೆಯ ಹೊತ್ತಿಗೋ ತಂದೆ ಮಗ ಇಬ್ಬರೂ ಸೇರಿ ಆ ಪತ್ರವನ್ನು ಮುಂದಿನ ತಲೆಮಾರಿಗೂ ನವೀಕರಿಸುವುದು ರೂಢಿಯಾಗಿತ್ತು, ಮಗನು ಅದಕ್ಕೆ ಸಹಿ ಹಾಕಿದ್ದಕ್ಕೆ ಪ್ರತಿಯಾಗಿ ತಂದೆ ಬದುಕಿರುವಷ್ಟು ಕಾಲ ಅವನಿಗೆ ವರ್ಷಾಶನ ಗೊತ್ತುಮಾಡುತ್ತಿದ್ದರು. ಹಾಗಾಗಿ ಅರ್ಲ್ ಮುನಿದರೂ ಬಿರುದನ್ನಾಗಲಿ ಕಟ್ಟಿಹಾಕಿದ ಜಮೀನನ್ನಾಗಲಿ ಮಗನಿಂದ ಕಿತ್ತುಕೊಳ್ಳಲಾರ. ಆದರೆ ನಿಮ್ಮ ನಾಯಕ ಇನ್ನೂ ಸಹಿ ಹಾಕಿಲ್ಲವೆಂದು ಮಾಡಿದರೆ, ತಂದೆ ಸಾಯುವವರೆಗೆ ಅವನ ಕೈಗೆ ಒಂದು ಪೌಂಡೂ ಬಾರದಂತೆ ಮಾಡಬಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ನಾಯಕಿಯ ತಂದೆಗೆ ಬೀಳುತ್ತದೆಂಬುದನ್ನು ನೀವು ಇನ್ನೂ ಗಮನಿಸಿದಂತಿಲ್ಲ. ಪಾರುಪತ್ಯಗಾರನ ಮನೆ ಅವನದಲ್ಲ, ಅದು ಕೆಲಸದ ಜೊತೆಗೆ ಬಂದ ಮನೆ. ಅರ್ಲ್ ಒಂದು ಚೀಟಿ ಬರೆದರೆ ಕಣ್ಣು ಮಂಜಾದ ಮುದುಕ ಬೀದಿಗೆ ಬೀಳುತ್ತಾನೆ, ಶಿಫಾರಸು ಪತ್ರವಿಲ್ಲದೆ ಬೇರೆ ಜಮೀನಿನಲ್ಲಿ ಅವನಿಗೆ ಕೆಲಸ ಹುಟ್ಟುವುದಿಲ್ಲ. ಅವಳು 'ಒಲ್ಲೆ' ಎನ್ನಲು ಇಷ್ಟು ಸಾಲದೇ? ನಾಯಕನು ಕಾಯುವ ವರ್ಷಗಳಿಗೆ ಕೊನೆಯಲ್ಲಿ ಒಂದು ಜಮೀನಿದೆ. ಅವಳ ಮನೆಯವರು ಕಳೆದುಕೊಳ್ಳುವುದು ಮರಳಿ ಬರುವುದಿಲ್ಲ. ನಿಮ್ಮ ಕಥೆಯ ಜೀವ ಅಲ್ಲಿದೆಯೆಂದು ನಾನು ನಂಬುತ್ತೇನೆ.

ಮಲ್ಲಿಗೆಬಳ್ಳಿ, ಶಿವಮೊಗ್ಗ

ಸಾಗರದವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅಂಥ ಮದುವೆಗಳು ನಡೆದದ್ದೂ ಉಂಟು ಎಂಬುದನ್ನು ಸೇರಿಸಬೇಕು. ಎಲಿಜಬೆತ್ ಫ್ಯಾರೆನ್ ಎಂಬ ರಂಗನಟಿಯನ್ನು ಡರ್ಬಿಯ 12ನೆಯ ಅರ್ಲ್ 1797ರಲ್ಲಿ ಮದುವೆಯಾದನು. ದೂರವಾಗಿದ್ದ ಮೊದಲ ಹೆಂಡತಿ ಬದುಕಿದ್ದಷ್ಟು ವರ್ಷ ಇಬ್ಬರೂ ಕಾದರು. ಆಕೆ ಆ ವರ್ಷದ ಮಾರ್ಚಿನಲ್ಲಿ ತೀರಿಕೊಂಡಳು, ಏಪ್ರಿಲಿನಲ್ಲಿ ಫ್ಯಾರೆನ್ ರಂಗವನ್ನು ಬಿಟ್ಟಳು, ಮೇ ತಿಂಗಳಲ್ಲಿ ಮದುವೆ ನಡೆಯಿತು. ಸಸೆಕ್ಸಿನ ಅಪ್‌ಪಾರ್ಕ್ ಎಂಬ ದೊಡ್ಡ ಮನೆಯ ಯಜಮಾನ ಸರ್ ಹ್ಯಾರಿ ಫೆದರ್‌ಸ್ಟನ್‌ಹಾ 1825ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನದೇ ಹಾಲಿನ ಮನೆಯಲ್ಲಿ ಕೆಲಸಕ್ಕಿದ್ದ ಮೇರಿ ಆನ್ ಬುಲಕ್ ಎಂಬ ಎಳೆಯ ಪ್ರಾಯದವಳನ್ನು ಕೈಹಿಡಿದನು. ಅವನ ನಂತರ ಆ ಆಸ್ತಿ ಅವಳ ಕೈಸೇರಿತು. ಇವೆರಡೂ ನೀವು ಹೇಳುವ ಒಂಬತ್ತು ವರ್ಷಗಳ ಆಚೀಚೆಗೆ ಬೀಳುತ್ತವೆ, ಆದರೆ ಸಮಾಜ ಅದೇ.

ಈ ಎರಡು ಮದುವೆಗಳಲ್ಲೂ ಗಂಡನೇ ಸ್ವತಂತ್ರನಾದ ಯಜಮಾನ, ಕೇಳಬೇಕಾದ ತಂದೆ ಯಾರೂ ಇರಲಿಲ್ಲ. ನಿಮ್ಮ ನಾಯಕನ ತಂದೆ ಬದುಕಿರುವುದೇ ನಿಮ್ಮ ಕಥೆಯ ತೊಡಕು. ಇನ್ನೊಂದು ಮಾತು: ಅಲ್ಲಿ ಹೆಂಡತಿಗೆ ಗಂಡನ ಅಂತಸ್ತು ಬರುತ್ತದೆ, ಗಂಡನಿಗೆ ಹೆಂಡತಿಯದು ಬರುವುದಿಲ್ಲ. ಆದ್ದರಿಂದ ನಿಮ್ಮ ನಾಯಕಿ ಮದುವೆಯ ಮರುದಿನವೇ ಲೇಡಿ ಆಗುತ್ತಾಳೆ, ನಿನ್ನೆಯವರೆಗೆ ತನ್ನ ಮುಂದೆ ಕುಳಿತು ಗೇಣಿ ಎಣಿಸಿದ ಒಕ್ಕಲುಗಳು ಅವಳ ಮುಂದೆ ಎದ್ದು ನಿಲ್ಲುತ್ತಾರೆ. ಆ ನೋಟವನ್ನು ದಯವಿಟ್ಟು ಬಿಡಬೇಡಿ.

ಅಂಗಳದಂಚು, ಹೊಸನಗರ

ಭಾಷೆಯ ವಿಷಯ ಯಾರೂ ಮುಟ್ಟದಿರುವುದರಿಂದ ಬರೆಯುತ್ತಿದ್ದೇನೆ. ಆ ಕಾಲದ ಇಂಗ್ಲಿಷಿನ ಶಿಷ್ಟ ಮಾತಿನಲ್ಲಿ ಎದುರಿನವರು ಅರ್ಲ್ ಆಗಲಿ ಕುದುರೆ ಲಾಯದ ಹುಡುಗನಾಗಲಿ ಸರ್ವನಾಮ ಒಂದೇ. ಅಂತಸ್ತು ಕಾಣಿಸುತ್ತಿದ್ದದ್ದು ಹೆಸರು ಹಿಡಿಯುವ ರೀತಿಯಲ್ಲಿ. ಹಿರಿಯ ಮಗಳಾದರೆ ಮನೆತನದ ಹೆಸರಿಗೆ ಮೊದಲು ಮಿಸ್ ಸೇರಿಸಿ ಕರೆಯುತ್ತಿದ್ದರು, ಅರ್ಲ್‌ನ ಹಿರಿಯ ಮಗನನ್ನು ತಂದೆಗಿರುವ ಬಿರುದುಗಳಲ್ಲಿ ಕೆಳಗಿನದೊಂದರಿಂದ ಕರೆಯುತ್ತಿದ್ದರು, ಬರಿಯ ಹೆಸರು ಹಿಡಿದು ಕರೆಯುವುದು ಮನೆಯವರಿಗೂ ಮದುವೆ ನಿಶ್ಚಯವಾದವರಿಗೂ ಮೀಸಲಾಗಿತ್ತು. ನಮ್ಮಲ್ಲಿ ಆ ಭಾರವೆಲ್ಲ ಕ್ರಿಯಾಪದದ ಬಾಲದ ಮೇಲೆ ಬೀಳುತ್ತದೆ.

ನನ್ನ ಅಜ್ಜ ಗೇಣಿ ಒಕ್ಕಲು. ಒಡೆಯರ ಮನೆಗೆ ಗೇಣಿಯ ಭತ್ತ ಹೊತ್ತುಕೊಂಡು ಹೋದರೆ ಅವರ ಜಾಗ ಅಂಗಳ, ಜಗಲಿಯಲ್ಲ. ಒಡೆಯರ ಮಗ ಅಜ್ಜನಿಗಿಂತ ಹತ್ತು ವರ್ಷ ಚಿಕ್ಕವನು, ಆದರೂ 'ನೀನು' ಎಂದೇ ಮಾತು. ಅಜ್ಜ ಅವನಿಗೆ 'ಅಯ್ಯಾ' ಎನ್ನುತ್ತಿದ್ದರು. 1974ರ ಭೂಸುಧಾರಣೆ ಬಂದು, ಅಜ್ಜ ಡಿಕ್ಲರೇಶನ್ ಕೊಟ್ಟು, ಗದ್ದೆ ಅಜ್ಜನ ಹೆಸರಿಗೆ ಆದ ಮೇಲೆ ಒಂದು ದಿನ ಅದೇ ಮಗ ಜಗಲಿಯಿಂದ, "ಬನ್ನಿ, ಮೇಲೆ ಬಂದು ಕೂತ್ಕೊಳ್ಳಿ" ಎಂದನಂತೆ. ಅಜ್ಜ ಕಂಬಳಿಕೊಪ್ಪೆಯನ್ನು ತೆಗೆದು ಕೈಯಲ್ಲಿ ಮಡಚಿ ಹಿಡಿದುಕೊಂಡು, ಮಳೆಯಲ್ಲೇ ನಿಂತು, "ಇಲ್ಲಿಯೇ ಆಯ್ತು ಅಯ್ಯಾ" ಎಂದರಂತೆ. ಆ 'ಬನ್ನಿ' ಎಂಬ ಮಾತನ್ನು ಅಜ್ಜ ಸಾಯುವವರೆಗೂ ನೆನೆಯುತ್ತಿದ್ದರು.

ಅದರಿಂದಲೇ ಹೇಳುತ್ತೇನೆ: ನಮ್ಮ ಕಥೆಗಳಲ್ಲಿ ಪ್ರೀತಿ ಹುಟ್ಟಿದಾಗ 'ನೀವು' ಹೋಗಿ 'ನೀನು' ಬರುತ್ತದೆ, ನಿಮ್ಮ ಕಥೆಯಲ್ಲಿ ಅದು ತಿರುವುಮುರುವಾಗಬೇಕು. ಚಿಕ್ಕಂದಿನಿಂದ ಜಮೀನಿನಲ್ಲೇ ಬೆಳೆದ ಪಾರುಪತ್ಯಗಾರನ ಮಗಳನ್ನು ಅರ್ಲ್‌ನ ಮಗ ಯೋಚಿಸದೆಯೇ 'ನೀನು' ಎನ್ನುತ್ತಾನೆ. ಗೇಣಿಯ ಪುಸ್ತಕದಲ್ಲಿ ಅವನ ತಪ್ಪನ್ನು ಅವಳು ತೋರಿಸಿದ ದಿನ, ಅವನ ಬಾಯಿಂದ ಮೊದಲ ಬಾರಿಗೆ "ನೀವು ಹೇಳಿದ್ದು ಸರಿ" ಎಂದು ಹೊರಡಲಿ. ಅವಳಿಗೆ ಸಂತೋಷವಾಗುವುದಕ್ಕಿಂತ ಮೊದಲು ಭಯವಾಗುತ್ತದೆ, ಕೋಣೆಯಲ್ಲಿ ತಂದೆ ಇದ್ದರೆ ಇನ್ನೂ ಹೆಚ್ಚು. ಅವಳು ಮಾತ್ರ ಕೊನೆಯವರೆಗೂ 'ನೀನು' ಎನ್ನದಿದ್ದರೂ ನಡೆಯುತ್ತದೆ. ಮತ್ತೆ, ಕಥೆ ಹೇಳುವವರಾಗಿ ನೀವು ಅವನಿಗೆ 'ಬಂದರು', ಅವಳಿಗೆ 'ಬಂದಳು' ಎಂದು ಬರೆದಿದ್ದರೆ ಇಂದೇ ತಿದ್ದಿಕೊಳ್ಳಿ. 'ಬಂದನು', 'ಬಂದಳು' ಎಂದು ಇಬ್ಬರನ್ನೂ ಒಂದೇ ಮಟ್ಟದಲ್ಲಿ ನಿಲ್ಲಿಸಿ. 'ಪ್ರಭುಗಳೇ' ಎಂಬ ನಾಟಕದ ಸಂಬೋಧನೆಗಿಂತ 'ಒಡೆಯರೇ' ನಮ್ಮ ಕಿವಿಗೆ ಹತ್ತಿರ.

ತುಂಗೆತೀರ, ತೀರ್ಥಹಳ್ಳಿ

ಮೂವರಿಗೂ ಮನಸಾರೆ ವಂದನೆಗಳು. ನಿನ್ನೆ ರಾತ್ರಿ ಹಸ್ತಪ್ರತಿ ತೆಗೆದು ನೋಡಿದರೆ, ಹೊಸನಗರದವರು ಶಂಕಿಸಿದಂತೆಯೇ, ಮೊದಲ ಪುಟದಿಂದಲೂ ಅವನಿಗೆ 'ಬಂದರು', ಅವಳಿಗೆ 'ಬಂದಳು' ಎಂದೇ ಬರೆದಿದ್ದೆ. ನಲವತ್ತು ಪುಟ ತಿದ್ದಿದ್ದಾಯಿತು. ಪಾರುಪತ್ಯಗಾರನ ಮನೆ ಹೋಗುವ ಭಯವನ್ನು ಮೂರನೆಯ ಅಧ್ಯಾಯಕ್ಕೇ ತರುತ್ತೇನೆ. ಗೇಣಿಯ ಪುಸ್ತಕದ ದೃಶ್ಯವನ್ನು ಹೊಸದಾಗಿ ಬರೆದೆ: ಅವನು 'ನೀವು' ಎಂದಾಗ ಅವಳು ತಲೆಯೆತ್ತುವುದಿಲ್ಲ, ಲೇಖನಿ ನಿಂತ ಕಡೆ ಶಾಯಿ ಹರಡುತ್ತದೆ, ಮೂಲೆಯಲ್ಲಿ ಕುಳಿತ ಕಣ್ಣು ಕಾಣದ ತಂದೆ ಧ್ವನಿ ಬಂದ ಕಡೆಗೆ ಮುಖ ತಿರುಗಿಸುತ್ತಾನೆ.