ಸಹಾಯ ಬೇಕು: ಅಪ್ಪನ ಬೈಪಾಸ್, ಬೆನ್ನಿನ ನರ್ವ್ ಬ್ಲಾಕ್, ಕಿಡ್ನಿ ಚಿಂತೆ

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯವರು, ಮೂಲ ಧಾರವಾಡದ ಕಡೆ. ಅಪ್ಪನಿಗೆ 67. ಮುಂದಿನ ವಾರ ಬೈಪಾಸ್ ಇದೆ. ಹಳೇ ಶುಗರ್, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ) 1.7. ನಮಗೆ ಹೃದಯಕ್ಕಿಂತ ಕಿಡ್ನಿಯದೇ ಭಯ ಜಾಸ್ತಿ.

ಅರಿವಳಿಕೆ ಡಾಕ್ಟರ್ ನಿನ್ನೆ ಔಷಧಿ ಚೀಟಿಯ ಹಿಂದೆ ಬೆನ್ನಿನ ಚಿತ್ರ ಬರೆದು ತೋರಿಸಿದರು. ಪೂರ್ತಿ ಅರಿವಳಿಕೆ ಹೇಗೂ ಇರುತ್ತದೆ. ಜೊತೆಗೆ ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನಿನ ಸ್ನಾಯುವಿನ ಕೆಳಗೆ ಮರಗಟ್ಟಿಸುವ ಮದ್ದು ಬಿಡುತ್ತಾರಂತೆ. ಇರೆಕ್ಟರ್ ಸ್ಪೈನೇ ಬ್ಲಾಕ್ ಅಂತ ಹೆಸರು. ಆಪರೇಷನ್ ಆದಮೇಲೆ ಎದೆಯ ಗಾಯದ ನೋವು ತಗ್ಗಿದರೆ ಮಾರ್ಫಿನ್ ತರಹದ ಮದ್ದು ಕಡಿಮೆ ಸಾಕು. ಕಿಡ್ನಿಗೆ ಆಗದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯ ಗೊಡವೆಯೂ ಬೇಡ. ನೋವು, ಒತ್ತಡಕ್ಕೆ ಕಿಡ್ನಿಯ ರಕ್ತನಾಳ ಬಿಗಿಯುತ್ತದೆ, ಅದೂ ಸ್ವಲ್ಪ ಸಡಿಲ ಆಗಬಹುದು ಅಂದರು. "ಆದರೆ ಕಿಡ್ನಿ ಉಳಿಸುತ್ತೆ ಅಂತ ಗ್ಯಾರಂಟಿ ಕೊಡಲ್ಲ" ಅಂತಲೂ ಹೇಳಿದರು. ಆ ನೇರ ಮಾತು ನನಗೆ ಹಿಡಿಸಿತು.

ಅಮ್ಮ ಮಾತ್ರ ಒಪ್ಪುತ್ತಿಲ್ಲ. ನನ್ನ ಹೆರಿಗೆಯಲ್ಲಿ ಕೊಟ್ಟ ಬೆನ್ನಿನ ಸೂಜಿಯಿಂದಲೇ ಸೊಂಟ ಹೋಯ್ತು ಅಂತ ಇವತ್ತಿಗೂ ಬೈಯುತ್ತಾರೆ! ಇದು ಬೆನ್ನುಹುರಿಯ ಪೊರೆಯೊಳಗೆ ಹೋಗುವ ಸೂಜಿ ಅಲ್ಲ ಅಂದರೂ ಕೇಳುವುದಿಲ್ಲ.

ಮುಂಬೈ, ಪುಣೆ ಕಡೆ ಯಾರ ಮನೆಯಲ್ಲಾದರೂ ಹೃದಯದ ಆಪರೇಷನ್‌ಗೆ ಈ ಬ್ಲಾಕ್ ಕೊಟ್ಟಿದ್ದಾರಾ? ಮೊದಲ ಎರಡು ದಿನ ಮೂತ್ರ, ಕ್ರಿಯಾಟಿನಿನ್ ಹೇಗಿತ್ತು? 48 ಗಂಟೆಯಲ್ಲಿ 0.3 ಏರಿದರೂ ಕಿಡ್ನಿಗೆ ಪೆಟ್ಟು ಅಂತಲೇ ಲೆಕ್ಕ, ಅಲ್ವಾ? ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದರ ಬಗ್ಗೆ ಡಾಕ್ಟರ ಹತ್ತಿರ ಏನೇನು ಕೇಳಲಿ? ಗುಂಪಿನಲ್ಲಿ ಅರಿವಳಿಕೆ ಡಾಕ್ಟರೋ ಐಸಿಯು ನರ್ಸೋ ಇದ್ದರೆ ದಯವಿಟ್ಟು ಹೇಳಿ. ಗುರುವಾರ ಸಹಿ ಹಾಕಬೇಕು.